ಕೆರೆ, ಜಲಾಶಯಗಳ ಹೂಳನ್ನು ಅಳೆಯುವ ಬಗೆ

ಹೂಳೆತ್ತಲು ಯಂತ್ರ ಇಳಿಸುವ ಮುನ್ನ ಹೂಳು ಎಷ್ಟಿದೆ, ಎಲ್ಲಿ ಕೂತಿದೆ, ಎಲ್ಲಿಂದ ಬರುತ್ತಿದೆ ಎಂಬುದು ಗೊತ್ತಿರಬೇಕು. ನೀರು ಇಳಿದಾಗ ದಡದಲ್ಲಿ ಕಾಣುವ ಕೆಸರನ್ನು ನೋಡಿ ಇಡೀ ಕೆರೆಯ ಲೆಕ್ಕ ಹಾಕುವವರು ಬಹಳ. ಆ ಕಣ್ಣಂದಾಜು ಸಾಮಾನ್ಯವಾಗಿ ತಪ್ಪುತ್ತದೆ, ಏಕೆಂದರೆ ಹೂಳು ಎಲ್ಲ ಕಡೆಯೂ ಒಂದೇ ಸಮನಾಗಿ ಕೂರುವುದಿಲ್ಲ.

ಹರಿಯುವ ನೀರು ನಿಂತ ನೀರನ್ನು ಸೇರಿದೊಡನೆ ಅದರ ವೇಗ ಕುಗ್ಗುತ್ತದೆ. ಹೊತ್ತು ತಂದ ಮಣ್ಣನ್ನು ಅಲ್ಲಿಂದಲೇ ಇಳಿಸತೊಡಗುತ್ತದೆ. ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟಿರುವ ಮರಳಿನ ಕಣಕ್ಕೆ ನಿಶ್ಚಲ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. ಅದರ ಐವತ್ತರಲ್ಲೊಂದು ಭಾಗದಷ್ಟಿರುವ ಜೇಡಿಯ ಕಣಕ್ಕೆ ಅಷ್ಟೇ ಆಳ ಇಳಿಯಲು 3 ದಿನಕ್ಕೂ ಹೆಚ್ಚು ಬೇಕು. ಹೀಗಾಗಿ ಮರಳು ಒಳಹರಿವಿನ ಬಾಯಲ್ಲೇ ದಿಬ್ಬವಾಗುತ್ತದೆ, ಜೇಡಿ ಮಾತ್ರ ಏರಿಯವರೆಗೆ ತೇಲಿ ಬರುತ್ತದೆ. ಹೂಳು ಮೊದಲು ಅಣೆಕಟ್ಟೆಯ ಬುಡದಲ್ಲಿರುವ, ಬಳಕೆಗೆ ಬಾರದ ನೀರಿನ ಜಾಗವನ್ನಷ್ಟೇ ತುಂಬುತ್ತದೆ ಎಂಬ ಹಳೆಯ ನಂಬಿಕೆ ಸರಿಯಲ್ಲ. ಹಿನ್ನೀರಿನ ತುದಿಯ ಆ ದಿಬ್ಬ ಬಳಕೆಯ ನೀರಿನ ಜಾಗವನ್ನೇ ಕಬಳಿಸುತ್ತಿರುತ್ತದೆ.

ಆಳ ಕಡಿಮೆಯಿರುವ ಕೆರೆಯನ್ನು ಅಳೆಯಲು ದೋಣಿ, ಜೀವರಕ್ಷಕ ಜಾಕೆಟ್, ಸೆಂಟಿಮೀಟರ್ ಗುರುತು ಹಾಕಿದ ಎರಡು ಗಳಗಳು ಸಾಕು. ಮೊದಲನೆಯದರ ತುದಿಗೆ ಅಂಗೈಗಿಂತ ತುಸು ಅಗಲವಾದ, ತೂತುಗಳಿರುವ ತಟ್ಟೆಯನ್ನು ಅಡ್ಡಲಾಗಿ ಬಿಗಿಯಬೇಕು. ಅದು ಕೆಸರಿನ ಮೇಲ್ಮೈಯಲ್ಲಿ ನಿಲ್ಲುತ್ತದೆ. ಎರಡನೆಯದು ತೆಳುವಾದ ಕಬ್ಬಿಣದ ಸರಳು. ಅದನ್ನು ಗಟ್ಟಿ ನೆಲ ತಾಗುವವರೆಗೆ ಒತ್ತಬೇಕು. ಎರಡು ಅಳತೆಗಳ ವ್ಯತ್ಯಾಸವೇ ಆ ಜಾಗದ ಹೂಳಿನ ದಪ್ಪ. ಒತ್ತುವಾಗ ಕೈಗೇ ಬಹಳಷ್ಟು ತಿಳಿಯುತ್ತದೆ: ಮರಳು ಕರಕರ ಎನ್ನುತ್ತದೆ, ಕೊಳೆತ ಎಲೆಗಳ ಪದರ ಸ್ಪಂಜಿನಂತೆ ತಗ್ಗುತ್ತದೆ, ಮೂಲ ತಳ ಸರಳನ್ನು ಥಟ್ಟನೆ ತಡೆಯುತ್ತದೆ. ಮೇಲೆತ್ತಿದ ಸರಳಿಗೆ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರು ಮೆತ್ತಿಕೊಂಡು, ತುದಿಯಲ್ಲಿ ಮಾತ್ರ ಬೇರೆ ಬಣ್ಣದ ಗಟ್ಟಿ ಮಣ್ಣು ಅಂಟಿದ್ದರೆ ತಳ ಮುಟ್ಟಿದೆ ಎಂದು ಬಹುಮಟ್ಟಿಗೆ ನಂಬಬಹುದು. ಒಣಗಿದಂತೆ ಕಾಣುವ ಕೆಸರಿನ ಮೇಲೆ ನಡೆದು ಅಳೆಯುವ ಸಾಹಸ ಮಾತ್ರ ಬೇಡ. ಮೇಲಿನ ಒಣ ಪದರದ ಕೆಳಗೆ ಸೊಂಟದುದ್ದ ರಾಡಿ ಇರಬಹುದು.

ಇಂಥ ಅಳತೆಗಳನ್ನು ಕೆರೆಯ ಮೇಲೆ ಸಮದೂರದ ಚೌಕಗಳನ್ನು ಕಲ್ಪಿಸಿಕೊಂಡು ತೆಗೆಯಬೇಕು. ಒಳಹರಿವಿನ ಬಾಯಲ್ಲಿ ಚೌಕಗಳು ಚಿಕ್ಕವಾಗಿರಲಿ. ಪ್ರತಿ ಬಿಂದುವಿನ ಸ್ಥಾನವನ್ನು ಜಿಪಿಎಸ್‌ನಲ್ಲೂ, ಆ ದಿನದ ನೀರಿನ ಮಟ್ಟವನ್ನು ಕದಲದ ಒಂದು ಕಲ್ಲಿನ ಗುರುತಿಗೆ ಹೋಲಿಸಿಯೂ ಬರೆದಿಡಬೇಕು. 10 ಹೆಕ್ಟೇರ್ ಕೆರೆಯಲ್ಲಿ ಸರಾಸರಿ ದಪ್ಪ 60 ಸೆಂಟಿಮೀಟರ್ ಬಂದರೆ ಹೂಳು 60,000 ಘನಮೀಟರ್. ಒಮ್ಮೆಗೆ 6 ಘನಮೀಟರ್ ಹೊರುವ ಲಾರಿಗೆ ಅದು 10,000 ಸುತ್ತು. ಆದರೆ ನೀರಿನಡಿಯ ಒಂದು ಘನಮೀಟರ್ ಮರಳಿನಲ್ಲಿ ಒಣ ಮಣ್ಣು ಸುಮಾರು ಒಂದೂವರೆ ಟನ್ ಇದ್ದರೆ, ಹೊಸದಾಗಿ ಕೂತ ಜೇಡಿಯಲ್ಲಿ ಅರ್ಧ ಟನ್ನೂ ಇರದು, ಉಳಿದದ್ದು ನೀರು. ನೀರು ಬಸಿದು ಒಣಗಲು ಬಿಟ್ಟರೆ ಸುತ್ತುಗಳು ಗಣನೀಯವಾಗಿ ಇಳಿಯುತ್ತವೆ.

ದೊಡ್ಡ ಜಲಾಶಯಕ್ಕೆ ಗಳ ಎಟುಕುವುದಿಲ್ಲ. ಅಲ್ಲಿ ದೋಣಿಗೆ ಕಟ್ಟಿದ, ಶಬ್ದ ಕಳಿಸಿ ಅದು ಮರಳುವ ಸಮಯದಿಂದ ಆಳ ಅಳೆಯುವ ಪ್ರತಿಧ್ವನಿ ಮಾಪಕ ಬೇಕು. ಹೆಚ್ಚಿನ ಕಂಪನಾಂಕದ ಶಬ್ದ ಕೆಸರಿನ ಮೇಲ್ಮೈಯಿಂದ ಮರಳಿದರೆ, ಕಡಿಮೆ ಕಂಪನಾಂಕದ್ದು ಮೆತ್ತನೆಯ ಪದರದೊಳಗೂ ಇಳಿಯುತ್ತದೆ. ಅಣೆಕಟ್ಟೆ ಕಟ್ಟುವ ಮೊದಲಿನ ನಕಾಶೆಯೊಂದಿಗೆ ಹೋಲಿಸಿದರೆ ಎಷ್ಟು ತುಂಬಿದೆ ಎಂಬುದು ಸಿಗುತ್ತದೆ. ಅಲ್ಲಿ ಅಗೆತಕ್ಕಿಂತ ಬಾಗಿಲುಗಳ ನಿರ್ವಹಣೆಯೇ ಮುಖ್ಯ. ಚೀನಾದ ಹಳದಿ ನದಿಗೆ ಕಟ್ಟಿದ ಸಾನ್‌ಮೆನ್‌ಷಿಯಾ ಜಲಾಶಯದಲ್ಲಿ 1960ರಲ್ಲಿ ನೀರು ನಿಲ್ಲಿಸಿದ ಎರಡೇ ವರ್ಷಗಳಲ್ಲಿ ಹೂಳು ವಿಪರೀತವಾಯಿತು. ಮುಚ್ಚಿದ್ದ ತಳದ ಕಂಡಿಗಳನ್ನು ಮತ್ತೆ ತೆರೆಯಬೇಕಾಯಿತು. ಪ್ರವಾಹದ ದಿನಗಳಲ್ಲಿ ಮಟ್ಟ ಇಳಿಸಿ ಕೆಸರು ನೀರನ್ನು ಹೊರಬಿಟ್ಟು, ಆಮೇಲೆ ಬರುವ ತಿಳಿ ನೀರನ್ನು ಹಿಡಿದಿಡುವುದು ಅಲ್ಲಿ ಕಲಿತ ಕ್ರಮ.

ಹೂಳು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದಕ್ಕೆ ಗಾಜಿನ ಬಾಟಲಿಗಳು ಸಾಕು. ಜೋರು ಮಳೆಯ ಮೊದಲ ಹರಿವಿನಲ್ಲಿ ಪ್ರತಿ ಕಾಲುವೆಯಿಂದ ಒಂದೊಂದು ಲೀಟರ್ ನೀರು ಹಿಡಿದು, ಒಂದು ವಾರ ಅಲುಗಿಸದೆ ಇಟ್ಟು, ತಳದ ಮಣ್ಣನ್ನು ಒಣಗಿಸಿ ತೂಗಿ. ಅದರ ಜೊತೆ ಹರಿವಿನ ಅಂದಾಜನ್ನೂ ಬರೆದುಕೊಳ್ಳಿ, ಇಲ್ಲದಿದ್ದರೆ ಸಣ್ಣ ತೊರೆಯ ಮೇಲೆ ವೃಥಾ ಆರೋಪ ಬರುತ್ತದೆ. ಹೆಚ್ಚು ಮಣ್ಣು ತರುವ ಕಾಲುವೆಯ ಮೇಲ್ಭಾಗದಲ್ಲಿ ಕೊರಕಲುಗಳಿಗೆ ಕಲ್ಲಿನ ತಡೆ, ದಡಕ್ಕೆ ಹುಲ್ಲು, ಕೆರೆಯ ಬಾಯಲ್ಲಿ ವರ್ಷಕ್ಕೊಮ್ಮೆ ಬಳಿಯಬಹುದಾದ ಹೂಳುಗುಂಡಿ ಆದ ಮೇಲೆಯೇ ಅಗೆತಕ್ಕೆ ಕೈಹಾಕುವುದು ಲೇಸು.

ಅಗೆಯುವಾಗ ಸರಳು ತಡೆದ ಆಳವೇ ಗಡಿ. ನೀರು ಇಂಗದಂತೆ ಹಿಡಿದಿರುವುದು ಆ ಮೂಲ ತಳದ ಜೇಡಿಯೇ ಆಗಿದ್ದರೆ, ಅದನ್ನು ಕೆದಕಿದ ಕೆರೆ ಆಳವಾದರೂ ಬೇಗ ಬತ್ತುತ್ತದೆ. ಏರಿಯ ಬುಡವನ್ನೂ ಮುಟ್ಟಬಾರದು. ಕೆಲಸ ಮುಗಿದು ನೀರು ತುಂಬಿದ ಮೇಲೆ ಅದೇ ಬಿಂದುಗಳಲ್ಲಿ, ಅದೇ ಕಲ್ಲಿನ ಗುರುತಿಗೆ ಹೋಲಿಸಿ ಮತ್ತೊಮ್ಮೆ ಅಳೆದು, ಆ ಅಂಕಿಗಳನ್ನು ಹಳೆಯವುಗಳ ಪಕ್ಕದಲ್ಲೇ ಬರೆದಿಡಬೇಕು.