ಮಗು ಹಾಲು ಕುಡೀತಿದೆ, ಜ್ಯೂರಿ ಸಮನ್ಸ್ ಬಂದಿದೆ: ಏನ್ ಮಾಡ್ಬೇಕು?

ಕ್ಯಾಲಿಫೋರ್ನಿಯಾದಲ್ಲಿ ಸಿಟಿಜನ್ ಆಗಿರೋ ನಮ್ಮ ಹೆಣ್ಮಕ್ಕಳಿಗೆ ಬಾಣಂತನದಲ್ಲೇ ಜ್ಯೂರಿ ಸಮನ್ಸ್ (ಕೇಸ್ ಕೇಳಿ ತೀರ್ಪು ಹೇಳೋ ಸಾಮಾನ್ಯ ನಾಗರಿಕರ ಗುಂಪಲ್ಲಿ ಕೂರೋಕೆ ಬನ್ನಿ ಅನ್ನೋ ಕೋರ್ಟಿನ ಕರೆ) ಬರೋದುಂಟು. ಕೆಲವರು ಜಂಕ್ ಮೇಲ್ ಅಂದ್ಕೊಂಡು ಬಿಸಾಡ್ತಾರೆ, ಕೆಲವರು ಹೆದರ್ಕೊಂಡು ಕೂಸನ್ನ ಎತ್ಕೊಂಡು ಕೋರ್ಟಿಗೇ ಓಡ್ತಾರೆ. ಎರಡೂ ಬೇಡ. ಬಿಸಾಡಿದ್ರೆ ದಂಡ ಬೀಳ್ಬಹುದು, ಓಡೋ ಅಗತ್ಯ ಅಂತೂ ಇಲ್ವೇ ಇಲ್ಲ.

1. ಕಳಿಸಿರೋದು ಯಾರು ಅಂತ ನೋಡಿ. ನಾನು ಹೇಳ್ತಿರೋದು ಕೌಂಟಿ ಸುಪೀರಿಯರ್ ಕೋರ್ಟಿನ, ಅಂದ್ರೆ ನಿಮ್ಮ ಕೌಂಟಿಯಲ್ಲಿರೋ ರಾಜ್ಯದ ಕೋರ್ಟಿನ ಸಮನ್ಸ್ ಬಗ್ಗೆ. ಫೆಡರಲ್ ಕೋರ್ಟಿಂದ ಬಂದಿದ್ರೆ ಅವರ ನಿಯಮಾನೇ ಬೇರೆ.

2. ಗ್ರೀನ್ ಕಾರ್ಡ್ ಅಥವಾ ಎಚ್‌ 1 ಬಿ ಅಲ್ಲಿದ್ರೆ ಉತ್ತರದ ಫಾರಂನಲ್ಲಿ 'ಸಿಟಿಜನ್ ಅಲ್ಲ' ಅಂತ ಟಿಕ್ ಮಾಡಿ ಕಳಿಸಿ, ಮುಗೀತು.

3. ಎಲ್ಲರೂ ಎಡವೋದು ಇಲ್ಲೇ. ಕೋರ್ಟಿನ ಜ್ಯೂರಿ ವೆಬ್‌ಸೈಟ್ ತೆಗೆದ ತಕ್ಷಣ 'ಪೋಸ್ಟ್‌ಪೋನ್' ಬಟನ್ ಕಾಣತ್ತೆ, ಎಲ್ಲರೂ ಅದನ್ನೇ ಒತ್ತಿ ಮೂರ್ನಾಲ್ಕು ತಿಂಗಳು ಮುಂದಿನ ಡೇಟ್ ತಗೊಂಡು ನಿರಾಳ ಆಗ್ತಾರೆ, ಆ ಡೇಟ್ ಬರೋ ಹೊತ್ತಿಗೂ ಮಗು ಹಾಲು ಬಿಟ್ಟಿರಲ್ಲ, ಮತ್ತೆ ಅದೇ ಗೋಳು. ಕ್ಯಾಲಿಫೋರ್ನಿಯಾ ಕೋರ್ಟ್ ನಿಯಮ 2.1006 ಪ್ರಕಾರ ಎದೆಹಾಲು ಕೊಡೋ ತಾಯಿ 1 ವರ್ಷದ ತನಕ ಮುಂದೂಡಿಸ್ಕೋಬಹುದು, ಹಾಲು ಕೊಡೋ ತನಕ ಅದನ್ನ ರಿನ್ಯೂ ಮಾಡಿಸ್ಕೊಳ್ತಾನೂ ಹೋಗ್ಬಹುದು. ಮಗೂಗೆ ಇಷ್ಟೇ ವಯಸ್ಸು ಅಂತ ಮಿತಿ ಇಲ್ಲ, ಹಾಗಾಗಿ "ಆರು ತಿಂಗಳು ದಾಟಿದ್ರೆ ಕೊಡಲ್ವಂತೆ" ಅನ್ನೋ ವಾಟ್ಸಾಪ್ ಜ್ಞಾನಕ್ಕೆ ಕಿವಿ ಕೊಡ್ಬೇಡಿ. ಫಾರಂನಲ್ಲಿ ಎದೆಹಾಲಿನ ಕಾರಣಕ್ಕೇ ಇರೋ ಸಾಲು ಹುಡುಕಿ. 'ಮೆಡಿಕಲ್' ಅಂತ ಟಿಕ್ ಮಾಡಿದ್ರೆ ಡಾಕ್ಟರ್ ಲೆಟರ್ ಕೇಳೋ ಸಾಧ್ಯತೆ ಇರತ್ತೆ, ಸುಮ್ನೆ ಅಲೆದಾಟ. ಸಾಲು ಸಿಗ್ಲಿಲ್ವಾ, ಎರಡೇ ವಾಕ್ಯ ಬರೀರಿ: ನಾನು ಮಗೂಗೆ ಎದೆಹಾಲು ಕೊಡ್ತಿದೀನಿ, ಜ್ಯೂರಿ ಸೇವೆಯನ್ನ 1 ವರ್ಷ ಮುಂದೂಡಿ. ಹೆರಿಗೆ ಕಥೆ, ರಾತ್ರಿ ನಿದ್ದೆ ಇಲ್ಲದ ಕಥೆ ಎಲ್ಲ ಬೇಡ. ಸುಳ್ಳು ಹೇಳಿದ್ರೆ ಶಿಕ್ಷೆಗೆ ಒಳಪಡ್ತೀನಿ ಅನ್ನೋ ಪ್ರಮಾಣದ ಸಾಲು ಇರ್ಲೇಬೇಕು, ಅದರ ಕೆಳಗೆ ತಾಯೀನೇ ಸಹಿ ಹಾಕ್ಬೇಕು. ಇಂಗ್ಲಿಷ್ ಫಾರಂ ಅಂತ ಗಂಡ ತುಂಬೋದು ಓಕೆ, ಸಹಿನೂ ಅವನೇ ಗೀಚೋದು ತಪ್ಪು. ಹೀಗೆ ಬರವಣಿಗೇಲಿ ಪ್ರಮಾಣ ಮಾಡಿ ಕಳಿಸಿದ್ರೆ ಜ್ಯೂರಿ ಕಮಿಷನರ್ (ಜ್ಯೂರಿ ಕೆಲಸ ನೋಡ್ಕೊಳೋ ಕೋರ್ಟ್ ಅಧಿಕಾರಿ) ಒಪ್ಕೊಳ್ಲೇಬೇಕು, ಕೋರ್ಟಿಗೆ ಬಂದು ಹೇಳಿ ಅನ್ನೋ ಹಾಗಿಲ್ಲ.

4. ಆನ್‌ಲೈನಲ್ಲೇ ಕಳಿಸಿ, ಕನ್ಫರ್ಮೇಷನ್ನಿನ ಸ್ಕ್ರೀನ್‌ಶಾಟ್ ಇಟ್ಕೊಳಿ. ಪೋಸ್ಟಲ್ಲೇ ಕಳಿಸ್ತೀನಿ ಅನ್ನೋರು ಫಾರಂನ ಫೋಟೊ ತೆಗೆದಿಟ್ಕೊಂಡು ಆಮೇಲೆ ಕಳಿಸಿ.

ನಡುವೆ ಯಾರಾದ್ರೂ ಫೋನ್ ಮಾಡಿ "ಜ್ಯೂರಿ ಡ್ಯೂಟಿ ತಪ್ಪಿಸಿದೀರಿ, ಗಿಫ್ಟ್ ಕಾರ್ಡಲ್ಲಿ ದಂಡ ಕಟ್ಟಿ, ಇಲ್ಲಾಂದ್ರೆ ಅರೆಸ್ಟ್" ಅಂದ್ರೆ ಇಟ್ಬಿಡಿ ಫೋನು, ಕೋರ್ಟು ಹಾಗೆಲ್ಲ ದುಡ್ಡು ಕೇಳಲ್ಲ.

5. ವರ್ಷ ಆದ್ಮೇಲೆ ಮತ್ತೆ ಸಮನ್ಸ್ ಬಂದು, ಇನ್ನೂ ಹಾಲು ಕೊಡ್ತಿದ್ರೆ ಇದನ್ನೇ ಮತ್ತೊಮ್ಮೆ ಮಾಡಿ.

ಬೇರೆ ರಾಜ್ಯದಲ್ಲಿರೋ ಅಕ್ಕನ ಫಾರಂ ನೋಡಿ ಕಾಪಿ ಹೊಡೀಬೇಡಿ. ವರ್ಜೀನಿಯಾದಲ್ಲಿ ಕೇಳ್ಕೊಂಡ್ರೆ ವಿನಾಯಿತಿನೇ ಕೊಡ್ತಾರೆ, ಐಡಾಹೊದಲ್ಲಿ ಹಾಲು ಬಿಡಿಸೋ ತನಕ ಮುಂದೂಡ್ತಾರೆ, ಫ್ಲೋರಿಡಾದಲ್ಲಿ 6 ವರ್ಷದೊಳಗಿನ ಮಗು ಇದ್ದು ಫುಲ್‌ಟೈಮ್ ಕೆಲಸ ಇಲ್ಲದ ಅಪ್ಪನೂ ಬಿಡುಗಡೆ ಕೇಳ್ಬಹುದು.