ಲಾರಿಯ ನೆರಳಲ್ಲಿ ನಿಂತ ಕುಂತಿ

ಪುರಾಣದ ಕಥೆಯನ್ನು ಇವತ್ತಿನ ಕಾಲಕ್ಕೆ ತಂದು ಸಿನಿಮಾ ಮಾಡುವವರು ಮೊದಲು ಮೂಲವನ್ನೇ ನಿಧಾನವಾಗಿ ಓದಬೇಕು. ಕರ್ಣ–ಕುಂತಿಯ ಭೇಟಿ ಇಟ್ಟುಕೊಂಡು ನಾನೊಂದು ಕಿರುಚಿತ್ರ ಮಾಡಿದೆ. ಬೇಕಾದ ಶಾಟ್‌ಗಳೆಲ್ಲ ಉದ್ಯೋಗಪರ್ವದಲ್ಲೇ ಸಿಕ್ಕವು.

ಅಲ್ಲಿ ಕರ್ಣ ಗಂಗೆಯ ದಡದಲ್ಲಿ ಪೂರ್ವಕ್ಕೆ ಮುಖಮಾಡಿ, ಕೈ ಮೇಲೆತ್ತಿ ಜಪ ಮಾಡುತ್ತಿರುತ್ತಾನೆ. ಕುಂತಿ ಬಿಸಿಲು ತಾಳಲಾರದೆ ಹಿಂದೆ ಅವನ ಉತ್ತರೀಯದ ನೆರಳಲ್ಲಿ ನಿಂತು ಕಾಯುತ್ತಾಳೆ. ಬೆನ್ನು ಸುಡುವ ತನಕ ಜಪ ಮುಗಿಯುವುದಿಲ್ಲ. ಆಮೇಲೆ ತಿರುಗಿದವನು, ‘ನಾನು ರಾಧೆಯ ಮಗ, ಅಧಿರಥನ ಮಗ’ ಅಂತಲೇ ಮಾತು ಶುರುಮಾಡುತ್ತಾನೆ. ಆ ಹೊತ್ತಿಗಾಗಲೇ ಕೃಷ್ಣ ಅವನಿಗೆ ಹುಟ್ಟಿನ ಗುಟ್ಟು ಹೇಳಿಯಾಗಿದೆ! ಇದಕ್ಕಿಂತ ಒಳ್ಳೆಯ ಡೈಲಾಗು ಯಾರು ಬರೆಯಲು ಸಾಧ್ಯ?

ಅಧಿರಥ ಸಾರಥಿ. ಹಾಗಾಗಿ ನನ್ನ ಕರ್ಣನ ಸಾಕುತಂದೆ ಲಾರಿ ಡ್ರೈವರ್, ಮಗನೂ ಡ್ರೈವರ್. ಊರಲ್ಲಿ ಯಾರೂ ಹತ್ತಿರ ಸೇರಿಸದಿದ್ದಾಗ ಒಬ್ಬ ಕಂಟ್ರಾಕ್ಟರ್ ಅವನಿಗೆ ಲಾರಿ ಕೊಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಊಟ ಹಾಕಿದ್ದಾನೆ. ಅಂಗರಾಜ್ಯದ ಜಾಗದಲ್ಲಿ ಆ ಲಾರಿ. ಯುದ್ಧದ ಜಾಗದಲ್ಲಿ ಚುನಾವಣೆಯ ಹೊಡೆದಾಟ. ಗಂಗೆಯ ಬದಲು ಶ್ರೀರಂಗಪಟ್ಟಣದ ಹತ್ತಿರ ಕಾವೇರಿ.

ಉತ್ತರೀಯದ ಕೆಲಸವನ್ನು ಲಾರಿಯ ನೆರಳಿಗೆ ಕೊಟ್ಟೆ. ಬೆಳಿಗ್ಗೆ ಉದ್ದಕ್ಕೆ ಚಾಚಿದ ನೆರಳು ಮಧ್ಯಾಹ್ನಕ್ಕೆ ಚಕ್ರದ ಬುಡಕ್ಕೆ ಬಂದುಬಿಡುತ್ತದೆ. ಅದಕ್ಕೇ ಇಡೀ ದೃಶ್ಯವನ್ನು ಕಥೆಯ ಕ್ರಮದಲ್ಲೇ ಶೂಟ್ ಮಾಡಿದೆವು. ಮಾತು ಮುಂದುವರಿದ ಹಾಗೆ ತಾಯಿಗೆ ನಿಲ್ಲಲು ನೆರಳೇ ಉಳಿಯುವುದಿಲ್ಲ. ನೆತ್ತಿಯ ಬಿಸಿಲಿಗೆ ಕಣ್ಣಿನ ಕೆಳಗೆ ಕಪ್ಪು ಬೀಳುತ್ತಿತ್ತು. ಥರ್ಮಾಕೋಲ್ ಶೀಟು ಹಿಡಿದು ಅದನ್ನು ತಿಳಿ ಮಾಡಿಕೊಂಡೆವು.

ವ್ಯಾಸರಲ್ಲಿ ಇದೇ ಭೇಟಿಯಲ್ಲಿ ಸೂರ್ಯನೇ ಮಾತಾಡಿ, ಕುಂತಿ ಹೇಳಿದ್ದು ನಿಜ ಅನ್ನುತ್ತಾನೆ. ನಾನು ಧ್ವನಿ ಇಡಲಿಲ್ಲ. ಅವಳ ಮುಖದ ಮೇಲೆ ಬಿಸಿಲು ಬಿದ್ದರೆ ಸಾಕು ಅನ್ನಿಸಿತು. ಈ ಧೈರ್ಯ ಬಂದದ್ದು ಎರಡು ಸಿನಿಮಾಗಳಿಂದ. 1991ರ ತಮಿಳಿನ ‘ದಳಪತಿ’ಯಲ್ಲಿ ಮಣಿರತ್ನಂ ಕರ್ಣನನ್ನು ಗೂಡ್ಸ್ ರೈಲಿನಲ್ಲಿ ಬಿಟ್ಟುಹೋದ ಮಗುವಾಗಿಸಿದರು. ಛಾಯಾಗ್ರಾಹಕ ಸಂತೋಷ್ ಶಿವನ್ ಸೂರ್ಯನನ್ನು ಮತ್ತೆ ಮತ್ತೆ ಅವನ ಬೆನ್ನಿಗೆ ತಂದು ನಿಲ್ಲಿಸಿದರು. 1977ರ ಮಲಯಾಳಂನ ‘ಕಾಂಚನ ಸೀತಾ’ದಲ್ಲಿ ಅರವಿಂದನ್ ಸೀತೆಯನ್ನು ತೋರಿಸಲೇ ಇಲ್ಲ. ಮರ ಅಲುಗಿದರೆ, ಗಾಳಿ ಬೀಸಿದರೆ ಅವಳೇ. ರಾಮ, ಲಕ್ಷ್ಮಣರಾಗಿ ಆಂಧ್ರದ ಆದಿವಾಸಿಗಳು ನಟಿಸಿದರು. ಗ್ರಾಫಿಕ್ಸ್‌ಗೆ ಕೋಟಿಗಟ್ಟಲೆ ಸುರಿಯುವ ಈಗಿನ ಪೌರಾಣಿಕ ಚಿತ್ರಗಳಿಗಿಂತ ಆ ಗಾಳಿಯಲ್ಲಿ ನನಗೆ ಜಾಸ್ತಿ ದೈವ ಕಂಡಿದೆ.

ಕುಂತಿಯಾದವರು ಮಂಡ್ಯ ಕಡೆ ‘ಕುರುಕ್ಷೇತ್ರ’ ನಾಟಕ ಆಡಿ ಪಳಗಿದವರು. ಹಾರ್ಮೋನಿಯಂ ಮೀರಿ ಕೊನೆಯ ಸಾಲಿಗೂ ಕೇಳಿಸುವ ಗಂಟಲು. “ಅಮ್ಮಾ, ಕ್ಯಾಮೆರಾ ಇಲ್ಲೇ ಪಕ್ಕದಲ್ಲಿದೆ, ಮನೇಲಿ ಮಗನ ಹತ್ರ ಮಾತಾಡೋ ಹಾಗೆ ಹೇಳಿ” ಅಂದೆ. “ಮಗ ಅಂತ ಹೇಳೋಕೇ ಅವಳಿಗೆ ಹೆದರಿಕೆ ಅಲ್ವಾ?” ಅಂತ ನನ್ನನ್ನೇ ಕೇಳಿ, ಸಾಲನ್ನು ಅರ್ಧಕ್ಕೆ ನುಂಗಿ ಹೇಳಿದರು. ಅದನ್ನೇ ಇಟ್ಟುಕೊಂಡೆ. ಕರ್ಣ ಮಾತ್ರ ಕೊನೆಯವರೆಗೂ ಅವಳನ್ನು ‘ಅಮ್ಮಾವ್ರೇ’ ಅನ್ನುತ್ತಾನೆ. ‘ಅವ್ವ’ ಅನ್ನುವುದು ಸಾಕಿದವಳಿಗೆ ಮಾತ್ರ.

ಕೊನೆ ಹೇಗಿರಬೇಕು ಅಂತ ತುಂಬಾ ಚರ್ಚೆಯಾಯಿತು. ‘ದಳಪತಿ’ಯಲ್ಲಿ ಕರ್ಣ ಬದುಕುತ್ತಾನೆ, ದುರ್ಯೋಧನನ ಜಾಗದ ದೇವ ಸಾಯುತ್ತಾನೆ. ನಾನು ಹೊಡೆದಾಟವನ್ನೇ ತೋರಿಸಲಿಲ್ಲ. ಉಂಡ ಅನ್ನದ ಋಣ ಬಿಡಲಾರೆ, ಅರ್ಜುನನೊಬ್ಬನನ್ನು ಬಿಟ್ಟು ಉಳಿದವರನ್ನು ಕೊಲ್ಲುವುದಿಲ್ಲ, ಏನೇ ಆದರೂ ನಿನಗೆ ಐದು ಮಕ್ಕಳು ಉಳಿಯುತ್ತಾರೆ: ವ್ಯಾಸರ ಕರ್ಣ ಕೊಟ್ಟ ಈ ಮಾತಿಗೇ ಚಿತ್ರ ನಿಲ್ಲಿಸಿದೆ. ಬಟ್ಟೆ, ಊರು, ಕಸುಬು ಎಲ್ಲ ಬದಲಿಸಬಹುದು. ಈ ಲೆಕ್ಕ ಬದಲಿಸಿದರೆ ಅವನು ಕರ್ಣನಲ್ಲ.

ದೇವರ ಕಥೆಯನ್ನು ಹೀಗೆ ಮುಟ್ಟಬಹುದಾ ಅಂತ ಕೆಲವರು ಕೇಳಿದರು. 941ರಲ್ಲೇ ಪಂಪ ತನ್ನ ಭಾರತದಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಕುವೆಂಪು ಸೀತೆಯ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದರು. ಇಬ್ಬರನ್ನೂ ನಾವು ಪೂಜ್ಯರೆಂದೇ ಓದುತ್ತೇವೆ. ಸಿನಿಮಾದವರೂ ಅಷ್ಟೇ ಶ್ರದ್ಧೆಯಿಂದ ಕೆಲಸ ಮಾಡಲಿ ಅಂತ ಕೇಳುವ ಹಕ್ಕು ಜನರಿಗಿದೆ.

ಈಗ ಸ್ತ್ರೀಪರ್ವ ಓದುತ್ತಿದ್ದೇನೆ. ಗಾಂಧಾರಿಯ ಕಣ್ಣುಪಟ್ಟಿಯ ಸಂದಿಯಿಂದ ಬಿದ್ದ ನೋಟಕ್ಕೆ ಧರ್ಮರಾಯನ ಉಗುರು ಕಂದಿಹೋಗುತ್ತದಂತೆ. ಅದನ್ನು ಪವಾಡವಿಲ್ಲದೆ ಹೇಗೆ ತೋರಿಸುವುದು ಅಂತ ನಮ್ಮ ಕ್ಯಾಮೆರಾಮನ್ ಜೊತೆ ಮಾತುಕತೆ ನಡೆದಿದೆ.