ಸತ್ತಿದೆಯೋ, ಮಲಗಿದೆಯೋ? ಬಸವನಹುಳುವಿನ ದಿನಚರಿ ಬರೆದಿಡುವುದು ಹೀಗೆ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಮನೆ. ಜಗಲಿಯ ಮೂಲೆಯಲ್ಲಿ ಎರಡು ಅಡಿಯ ಗಾಜಿನ ಟ್ಯಾಂಕ್ ಇದೆ. ಅದರಲ್ಲಿ ಮೀನಿಗಿಂತ ಬಸವನಹುಳುಗಳೇ ಜಾಸ್ತಿ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆ ಜೀವ ಉಂಟಾ?"

ಶುರುವಿನಲ್ಲಿ ನನಗೂ ಅದೇ ಸಂಶಯ. ಎರಡು ದಿನ ಕದಲದೆ ಬಿದ್ದಿದ್ದ ಒಂದು ಹಳದಿ ಹುಳುವನ್ನು ಸತ್ತಿತೆಂದು ತೆಗೆದು ಬಕೆಟಿಗೆ ಹಾಕಿದ್ದೆ. ಬೆಳಗ್ಗೆ ತೆಂಗಿನ ಬುಡಕ್ಕೆ ಹಾಕುವ ಅಂದಾಜು. ಆ ರಾತ್ರಿ ಜೋರು ಮಳೆ, ಕರೆಂಟಿಲ್ಲ. ಟಾರ್ಚ್ ಹಿಡಿದು ಎದ್ದು ಬಂದರೆ, ಹುಳು ಬಕೆಟಿನ ಅಂಚಿಗೇ ಹತ್ತಿ ಮೀಸೆ ಚಾಚಿಕೊಂಡು ಕೂತಿದೆ! ಮರುದಿನವೇ ಒಂದು ನೋಟ್‌ಬುಕ್ ಇಟ್ಟೆ. ನೀವೂ ಇಡಬಹುದು. ಖರ್ಚೇನೂ ಇಲ್ಲ, ಮೂರು ರಾತ್ರಿ ಸ್ವಲ್ಪ ನಿದ್ದೆಗೆಡಬೇಕು ಅಷ್ಟೆ.

ಮೊದಲು ನಿಮ್ಮಲ್ಲಿರುವುದು ಯಾವ ಹುಳು ಎಂದು ಗುರುತಿಸಿ. ಅಂಗಡಿಯಲ್ಲಿ ಮಿಸ್ಟರಿ ಸ್ನೇಲ್ ಎಂದು ಕೊಡುವ ಗುಂಡಗಿನ ಹಳದಿ ಹುಳುವಿಗೆ ಕಿವಿರೂ ಇದೆ, ಶ್ವಾಸಕೋಶವೂ ಇದೆ. ನಮ್ಮ ಗದ್ದೆಗಳ ದೊಡ್ಡ ಹುಳುವೂ ಇದೇ ಕುಟುಂಬದ್ದು. ಚಕ್ರದ ಹಾಗೆ ಚಪ್ಪಟೆಯಾಗಿ ಸುತ್ತಿಕೊಂಡದ್ದು ರ್‍ಯಾಮ್ಸ್‌ಹಾರ್ನ್. ಉದ್ದಕ್ಕೆ ಶಂಖದಂತೆ ಚೂಪಾಗಿರುವುದು ಟ್ರಂಪೆಟ್. ಈ ಟ್ರಂಪೆಟ್ ಹಗಲಿಡೀ ಮರಳಿನೊಳಗೆ ಹೂತುಕೊಂಡಿರುತ್ತದೆ, ದೀಪ ಆರಿದ ಮೇಲೆ ಹೊರಗೆ ಬರುತ್ತದೆ. ಟ್ಯಾಂಕಿನಲ್ಲಿ ಐದೇ ಇವೆ ಎಂದುಕೊಂಡವರು ರಾತ್ರಿ ಎಣಿಸಿದರೆ ಐವತ್ತು ಸಿಕ್ಕೀತು.

ಎರಡನೆಯದು ಗುರುತು ಹಾಕುವುದು. ಚಿಪ್ಪನ್ನು ಬಟ್ಟೆಯಲ್ಲಿ ಒರೆಸಿ, ಮೇಲ್ಭಾಗದಲ್ಲಿ ನೈಲ್ ಪಾಲಿಶ್‌ನ ಒಂದು ಚುಕ್ಕಿ ಇಡಿ. ಒಂದಕ್ಕೆ ಕೆಂಪು, ಒಂದಕ್ಕೆ ಬಿಳಿ. ಮೈಗೆ ತಾಗಬಾರದು. ಚೆನ್ನಾಗಿ ಒಣಗಿದ ಮೇಲೆಯೇ ನೀರಿಗೆ ಬಿಡಿ. ಮೂರ್ನಾಲ್ಕು ಹುಳು ಸಾಕು, ಎಲ್ಲಕ್ಕೂ ಬಣ್ಣ ಬಳಿಯುತ್ತಾ ಕೂರಬೇಡಿ. ಆಮೇಲೆ ಗಾಜಿನ ಹೊರಮೈಯಲ್ಲಿ ಮಾರ್ಕರ್ ಪೆನ್ನಿನಿಂದ ಮೂರು ಮೂರು ಇಂಚಿನ ಚೌಕಗಳನ್ನು ಎಳೆಯಿರಿ. ಒಂದು ಗಂಟೆಯಲ್ಲಿ ಹುಳು ಎಷ್ಟು ಚೌಕ ದಾಟಿತು ಎಂಬುದೇ ನಿಮ್ಮ ಅಳತೆ.

ಬೆಳಕನ್ನು ಬೆಳಗ್ಗೆ ಏಳಕ್ಕೆ ಹಾಕಿ, ಸಂಜೆ ಏಳಕ್ಕೆ ಆರಿಸಿ. ಮೂರೂ ದಿನ ಹಾಗೇ ನಡೆಯಲಿ. ಮಳೆಗಾಲದಲ್ಲಿ ನಮ್ಮ ಕಡೆ ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿಯುತ್ತದೆ. ಹಾಗಾಗಿ ಕಿಟಕಿಯ ಬೆಳಕನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ರಾತ್ರಿ ನೋಡುವ ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಪೇಪರ್ ಎರಡು ಸುತ್ತು ಕಟ್ಟಿ. ಬಿಳಿ ಬೆಳಕು ಫಕ್ಕನೆ ಬಿದ್ದರೆ ಹುಳು ಮುದುಡಿಕೊಂಡೀತು. ಆಗ ನೀವು ಬರೆಯುವುದು ಹುಳುವಿನ ದಿನಚರಿಯಲ್ಲ, ನಿಮ್ಮ ಟಾರ್ಚಿನದ್ದು.

ಜಾಸ್ತಿ ಜನ ಎಡವುವುದು ಊಟದ ವಿಷಯದಲ್ಲಿ. ದಿನಾ ಸಂಜೆ ಏಳಕ್ಕೇ ಮುಳ್ಳುಸೌತೆ ಹೋಳು ಹಾಕಿದರೆ ಹುಳು ಏಳಕ್ಕೆ ಓಡಾಡುತ್ತದೆ. ಅದು ಎದ್ದದ್ದು ಕತ್ತಲಿಗೋ, ಸೌತೆಕಾಯಿಗೋ? ಹೇಗೆ ಹೇಳುವುದು? ಆದ್ದರಿಂದ ಈ ಮೂರು ದಿನ ಬೆಳಗ್ಗೆ ಎಂಟಕ್ಕೆ ಹಾಕಿ, ಹನ್ನೊಂದಕ್ಕೆ ಉಳಿದದ್ದನ್ನು ತೆಗೆದುಬಿಡಿ.

ಬರೆಯಲು ನಾಲ್ಕೇ ಅಕ್ಷರ ಸಾಕು. 'ಹ' ಎಂದರೆ ಹರಿದಾಟ, 'ತಿ' ಎಂದರೆ ತಿನ್ನುವುದು, 'ಉ' ಎಂದರೆ ಮೇಲೆ ಬಂದು ಉಸಿರೆಳೆಯುವುದು, 'ಸು' ಎಂದರೆ ಸುಮ್ನೆ ಇರುವುದು. ಹಗಲು ಎರಡು ಗಂಟೆಗೊಮ್ಮೆ ನೋಡಿ. ಸಂಜೆ ಆರರಿಂದ ಹನ್ನೊಂದರವರೆಗೆ ಗಂಟೆಗೊಮ್ಮೆ. ಮತ್ತೆ ಎರಡಕ್ಕೆ ಒಮ್ಮೆ, ಐದಕ್ಕೆ ಒಮ್ಮೆ ಏಳಬೇಕು. ನೀರಿನ ಉಷ್ಣತೆಯನ್ನೂ ಪಕ್ಕದಲ್ಲಿ ಬರೆಯಿರಿ. ತಣ್ಣೀರಿನಲ್ಲಿ ಹುಳು ನಿಧಾನ. ಧನುರ್ಮಾಸದ ಬೆಳಗ್ಗೆ ಬರೆದದ್ದನ್ನು ಏಪ್ರಿಲ್‌ನ ಲೆಕ್ಕದ ಜೊತೆ ಹೋಲಿಸಬೇಡಿ.

'ಉ' ನೋಡಲು ಬಲು ಚಂದ. ಮಿಸ್ಟರಿ ಸ್ನೇಲ್ ಗಾಜಿಗೆ ಅಂಟಿಕೊಂಡು ನೀರಿನ ಮಟ್ಟದ ಕೆಳಗೆ ನಿಲ್ಲುತ್ತದೆ. ಕುತ್ತಿಗೆಯ ಎಡಗಡೆಯಿಂದ ಮೆತ್ತಗಿನ ಒಂದು ಕೊಳವೆ ಮೇಲಕ್ಕೆ ಬೆಳೆಯುತ್ತಾ ಹೋಗುತ್ತದೆ. ತುದಿ ನೀರಿನಿಂದ ಹೊರಗೆ ಬಂದ ಕೂಡಲೇ ಮೈಯಿಡೀ ಹಿಂದೆ ಮುಂದೆ ತೂಗುತ್ತದೆ, ಸೈಕಲ್ ಪಂಪ್ ಹೊಡೆದ ಹಾಗೆ. ಆಮೇಲೆ ಕೊಳವೆ ಮಾಯ. ಟ್ಯಾಂಕಿಗೆ ಮುಚ್ಚಳ ಇರಲಿ, ನೀರು ಅಂಚಿಗಿಂತ ಮೂರು ಇಂಚು ಕೆಳಗಿರಲಿ. ಹೆಣ್ಣು ಹುಳು ಹೆಚ್ಚಾಗಿ ರಾತ್ರಿ ಹೊತ್ತಿನಲ್ಲೇ ನೀರಿನಿಂದ ಮೇಲೆ ಹತ್ತಿ ಮೊಟ್ಟೆಯ ಗೊಂಚಲು ಅಂಟಿಸುತ್ತದೆ. ಮುಚ್ಚಳ ಇಲ್ಲದಿದ್ದರೆ ಬೆಳಗ್ಗೆ ನೆಲದಲ್ಲಿ ಹುಡುಕಬೇಕಾದೀತು. ಮರಿ ಜಾಸ್ತಿಯಾಯಿತೆಂದು ಗದ್ದೆಗೋ ತೋಡಿಗೋ ಮಾತ್ರ ಬಿಡಬೇಡಿ. ಇವು ಈ ಊರಿನವಲ್ಲ. ಇವುಗಳದೇ ಒಂದು ನೆಂಟ ಜಾತಿ ಏಷ್ಯಾದ ಭತ್ತದ ಗದ್ದೆಗಳಿಗೆ ದೊಡ್ಡ ಪೀಡೆಯಾಗಿದೆ.

ಈಗ ನೋಟ್‌ಬುಕ್ ಓದುವುದು. ಕತ್ತಲಾದ ಮೇಲೆ 'ಹ' ಜಾಸ್ತಿ ಕಂಡರೆ ಆಶ್ಚರ್ಯ ಬೇಡ. ಆದರೆ ನಮ್ಮ ಹಾಗೆ ಒಂದೇ ಪಟ್ಟಿಗೆ ಎಂಟು ಗಂಟೆ ನಿದ್ದೆ ಎಂದು ಹುಡುಕಿದರೆ ಸಿಗುವುದಿಲ್ಲ. ಕೊಳದಲ್ಲಿರುವ ಲಿಮ್ನಿಯಾ ಎಂಬ ಹುಳುವನ್ನು ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು ಹೀಗೇ ಕೂತು ನೋಡಿದ್ದಾರೆ. 2011ರಲ್ಲಿ ಅದು ಪ್ರಕಟವಾಯಿತು. ಆ ಹುಳು ಒಮ್ಮೆಗೆ ಸುಮಾರು 22 ನಿಮಿಷ ಮಲಗುತ್ತದೆ. 13ರಿಂದ 15 ಗಂಟೆಯೊಳಗೆ ಇಂಥ ಏಳು ಸಣ್ಣ ನಿದ್ದೆ. ಅದಾದ ಮೇಲೆ ಮೂವತ್ತು ಗಂಟೆಗಿಂತಲೂ ಜಾಸ್ತಿ ಎಚ್ಚರ! ಅಂದರೆ ನಿನ್ನೆ ಮಧ್ಯಾಹ್ನ ಮಲಗಿದ್ದ ಹುಳು ಇವತ್ತೂ ಮಧ್ಯಾಹ್ನವೇ ಮಲಗಬೇಕೆಂದಿಲ್ಲ. ನಾನು ಮೂರು ದಿನ ಹೇಳಿದ್ದು ಇದಕ್ಕೇ. ಒಂದೇ ದಿನದ ಲೆಕ್ಕದಿಂದ ಏನೂ ಗೊತ್ತಾಗದು.

ನಿದ್ದೆಯ ಭಂಗಿಯೂ ಬೇರೆ. ಹೆದರಿದ ಹುಳು ಚಿಪ್ಪಿನೊಳಗೆ ಹೋಗಿ ಮುದುಡುತ್ತದೆ. ಮಲಗಿದ ಲಿಮ್ನಿಯಾದ ಪಾದ, ಮೀಸೆ ಎಲ್ಲ ಸಡಿಲ, ಚಿಪ್ಪು ಮೈಯಿಂದ ಸ್ವಲ್ಪ ಜೋತಿರುತ್ತದೆ. ಮುಟ್ಟಿದರೂ ಬೇಗ ಎಚ್ಚರವಾಗುವುದಿಲ್ಲ.

ಎಲ್ಲ ಹುಳುಗಳೂ ಒಟ್ಟಿಗೆ 'ಸು' ಆದರೆ ಮಾತ್ರ ಗಮನಿಸಿ. ನಮ್ಮಲ್ಲಿ ಒಮ್ಮೆ ಹಾಗಾದದ್ದು ಅಡಿಕೆಗೆ ಮದ್ದು ಬಿಟ್ಟ ದಿನ. ಮೈಲುತುತ್ತಿನ (ಅಂದರೆ ತಾಮ್ರದ ಸಲ್ಫೇಟ್) ಕೈಯನ್ನೇ ಟ್ಯಾಂಕಿಗೆ ಹಾಕಿದ್ದು ನಾನೇ. ತಾಮ್ರ ಬಸವನಹುಳುವಿಗೆ ವಿಷ. ಅರ್ಧ ನೀರು ಬದಲಿಸಿ, ಮರುದಿನ ಮತ್ತೆ ಬದಲಿಸಿದ ಮೇಲೆ ಒಂದೊಂದೇ ಹೊರಬಂದವು. ಇನ್ನು ಹಗಲಲ್ಲೇ ಟ್ರಂಪೆಟ್‌ಗಳ ದಂಡು ಗಾಜು ಹತ್ತಿದರೆ ನೀರು ಕೆಟ್ಟಿರಬಹುದು, ಅಥವಾ ನೀರಲ್ಲಿ ಆಮ್ಲಜನಕ ಕಮ್ಮಿಯಾಗಿರಬಹುದು. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ತುಂಬಿಸುವವರು ಚಿಪ್ಪಿನ ಮೇಲೂ ಕಣ್ಣಿಡಿ. ಮುರಕಲ್ಲು ಗುಡ್ಡದ ನೀರಲ್ಲಿ ಸುಣ್ಣದ ಅಂಶ ಕಮ್ಮಿ, ಚಿಪ್ಪು ಬೆಳ್ಳಗಾಗಿ ಸವೆಯುತ್ತದೆ. ತೊಳೆದ ನಾಲ್ಕು ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಹಾಕಿಟ್ಟರೆ ಸಾಕು.

ಇಷ್ಟಾದರೂ ಒಂದು ಹುಳು ಮೂರು ದಿನ ಕದಲಲಿಲ್ಲ ಅಂತಿಟ್ಟುಕೊಳ್ಳಿ. ನೀರಲ್ಲಿ ತೇಲುತ್ತಿದ್ದರೂ ಸತ್ತಿದೆ ಎನ್ನಬೇಡಿ, ಒಳಗೆ ಗಾಳಿ ತುಂಬಿಕೊಂಡಿರಬಹುದು. ಮೇಲಕ್ಕೆತ್ತಿ ಚಿಪ್ಪಿನ ಬಾಗಿಲನ್ನು, ಅಂದರೆ ಬಾಯಿ ಮುಚ್ಚುವ ಗಟ್ಟಿ ಮುಚ್ಚಳವನ್ನು, ಬೆರಳಿನಿಂದ ಮೆಲ್ಲಗೆ ಒತ್ತಿ. ಒಳಕ್ಕೆ ಎಳೆದುಕೊಂಡರೆ ಜೀವ ಇದೆ. ಬಾಗಿಲು ಸಡಿಲವಾಗಿ ಜೋತಿದ್ದರೆ ಮೂಗಿನ ಹತ್ತಿರ ಹಿಡಿಯಿರಿ. ಸತ್ತ ಹುಳುವಿನ ನಾತ ಒಮ್ಮೆ ಮೂಸಿದವರು ಇನ್ನೊಮ್ಮೆ ಯಾರನ್ನೂ ಕೇಳುವುದಿಲ್ಲ.